ಏಳನೆಯವನು

ಸ್ಟೂಲೊಂದನ್ನು ಎಳೆದುಕೊಂಡು ನನ್ನ ಬೆನ್ನ ಹಿಂದೆ ಕೂತಳು
ಸೈಮಿ ಪಾಲೊಹೇಮೊ, ವಿಶ್ವವಿದ್ಯಾಲಯದವಳು,
ಮಡಿಲಲ್ಲಿ ನೋಟ್‌ಬುಕ್ಕು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು.
"ನಾನಿಲ್ಲ ಅಂದುಕೊಳ್ಳಿ" ಅಂದಳು.
ಹೇಗೆ ಅಂದುಕೊಳ್ಳಲಿ? ಉಸಿರಾಡುತ್ತಿದ್ದಳು.

ಔಲು ನಗರ. ಜನವರಿ.
ಹತ್ತಕ್ಕೆ ಬೆಳಕು, ಮೂರಕ್ಕೆ ಕತ್ತಲು.
ಮನೆಮನೆಯ ಬಿಸಿನೀರಿನ ಕೊಳವೆ ತಿರುವುವ ತಂತ್ರಾಂಶ ನಮ್ಮದು;
ನಾವೊಂದು ಸೊನ್ನೆ ತಪ್ಪಿದರೆ
ತುಯಿರಾ ಬಡಾವಣೆಯ ಯಾವಳೋ ಮುದುಕಿ
ಕೋಟು ತೊಟ್ಟೇ ಮಲಗುತ್ತಾಳೆ.

ಮೊದಲ ವಾರ ಯಾರೂ ಬೈಯಲಿಲ್ಲ.
ಹಿಲ್ಲೆವಿ ಕೂಡ
(ಕಂಪೈಲರಿಗೆ ಅವಳಿಟ್ಟ ಹೆಸರುಗಳನ್ನು ಇಲ್ಲಿ ಬರೆಯಲಾರೆ)
ಇಗರ್ಜಿಯಲ್ಲಿ ಕೂತವಳಂತೆ ಟೈಪು ಮಾಡಿದಳು.
ಮೂರನೆಯ ವಾರ ಮರೆತೆವು.
ಬೈಗುಳ ವಾಪಸು ಬಂತು.
ಆಗ ಓಡತೊಡಗಿತು ಸೈಮಿಯ ಪೆನ್ಸಿಲ್ಲು.

ಮೊದಲ ದಿನವೇ ಹೇಳಿದ್ದೆ ಅವಳಿಗೆ:
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ತಾಯಿ?
ಇಪ್ಪತ್ತಾರು ವರ್ಷ ಈ ಕುರ್ಚಿ ಸವೆಸಿದ್ದೇನೆ, ನನಗೆ ಗೊತ್ತು,
ತಪ್ಪೆಲ್ಲ ಹೊಸ ಹುಡುಗರದು.
"ಇರಬಹುದು" ಅಂದಳು. ಬರೆದುಕೊಂಡಳು.
ಸೊಳ್ಳೆಯೇ ಇಲ್ಲದ ಜನವರಿಯ ಆ ರಾತ್ರಿ
"ಇರಬಹುದು" ನನ್ನನ್ನು ಕಚ್ಚುತ್ತಲೇ ಇತ್ತು.

ಎಣಿಸಿದಳು. ಐದು ವರ್ಷದ ದಾಖಲೆ,
ಒಂಬತ್ತು ಸಾವಿರ ಚಿಲ್ಲರೆ ಬದಲಾವಣೆ, ಬಂದ ದೂರು, ಬಂದ ಹೊತ್ತು,
ಯಾರು ಬರೆದದ್ದು, ಯಾರು ನೋಡಿ ಸೈ ಅಂದದ್ದು.
ಹೆಸರು ಕಿತ್ತು ಸಂಖ್ಯೆ ಅಂಟಿಸಿದಳು.
ನಾನು ಏಳನೆಯವನು.

ಮೊದಲ ನಕ್ಷೆ ಗೋಡೆಯ ಮೇಲೆ ಬಿದ್ದಾಗ
ಎಲ್ಲಕ್ಕಿಂತ ಎತ್ತರದ ಕಂಬದ ಬುಡದಲ್ಲಿ ಏಳು.
ಯಾರೂ ನನ್ನತ್ತ ನೋಡಲಿಲ್ಲ;
ನೋಡದಿರಲು ಪಟ್ಟ ಕಷ್ಟದಲ್ಲೇ ತಿಳಿಯಿತು,
ಹೆಸರು ಎಲ್ಲರಿಗೂ ಗೊತ್ತು.
ಲೋಟ ಹಿಡಿದು ಬಾಲ್ಕನಿಗೆ ಹೋದೆ.
ಮೈನಸ್ ಇಪ್ಪತ್ತೆಂಟರಲ್ಲಿ ಕಾಫಿ ಆರಲು ಒಂದು ನಿಮಿಷ ಸಾಕು.

ಬಂದಳು, ಕೋಟಿಲ್ಲದೆ.
"ಇನ್ನೂ ಮುಗಿದಿಲ್ಲ, ಲಿಂತುಲಾ.
ಕಷ್ಟದ ಕಡತವನ್ನೆಲ್ಲ ನಿಮ್ಮ ತಲೆಗೇ ಕಟ್ಟಿದ್ದಾರೆ.
ಹೊರೆ ಹೊತ್ತವನ ಬೆವರನ್ನು
ಜ್ವರ ಅಂತ ಬರೆದುಕೊಳ್ಳಲಾರೆ."
ಕಡತದ ಗಾತ್ರ ಕಳೆದಳು, ತಿದ್ದಿದ ಸಲಗಳನ್ನು ಕಳೆದಳು,
ನನ್ನ ಕಂಬ ಮಿಕ್ಕವರ ಎತ್ತರಕ್ಕೆ ಕುಸಿಯಿತು.
ಚಪ್ಪಾಳೆಗೆ ಕೈ ಎತ್ತಿದೆ, ನೋಡುತ್ತೇನೆ,
ಹೊಸ ಹುಡುಗರ ಕಂಬಗಳೂ ಅಲ್ಲೇ ನಿಂತಿವೆ,
ನನ್ನ ಭುಜಕ್ಕೆ ಭುಜ ಕೊಟ್ಟು.
ಎತ್ತಿದ ಕೈಯ ಬೆರಳ ಸಂದಿಯಲ್ಲಿ ಸೋರಿಹೋಯಿತು
ಇಪ್ಪತ್ತಾರು ವರ್ಷದ "ಗೊತ್ತು".

ಉಳಿದದ್ದು ಒಂದೇ, ಸಣ್ಣದು, ನಾಚಿಕೆಯದು:
ನಾನೂರು ಸಾಲು ಮೀರಿದ್ದನ್ನು
ಎರಡು ನಿಮಿಷ ನೋಡಿ "ಚೆನ್ನಾಗಿದೆ" ಅನ್ನುತ್ತಿದ್ದೆವು.
ಹತ್ತು ಸಾಲಾದರೆ ಅರ್ಧ ಗಂಟೆ ಜಗಳ.
ಸಾಸಿವೆ ಸೋಸಿ ಕುಂಬಳ ನುಂಗುವ ಗಂಟಲು ನಮ್ಮದು.

ಮಾರ್ಚಿನಿಂದ ತುಂಡು ತುಂಡಾಗಿ ಕೊಟ್ಟೆವು.
ಮೇ ಹೊತ್ತಿಗೆ ದೂರು ಇಳಿಯಿತು.
"ಎಷ್ಟು ಪಾಲು? ಒಂದು ಸಂಖ್ಯೆ ಕೊಡಿ" ಅಂದ ಯಜಮಾನ ಒಸ್ಮೊ.
ಸೈಮಿ ಎರಡು ಕೊಟ್ಟಳು, ನಡುವೆ
ಹಿಮ ಗುಡಿಸುವ ಲಾರಿ ತಿರುಗುವಷ್ಟು ಜಾಗ.
"ಇದಕ್ಕಿಂತ ಕಿರಿದು ಮಾಡಿದರೆ ಸುಳ್ಳಾಗುತ್ತದೆ.
ಅಲ್ಲದೆ ಹಿಮ ಕರಗಿದೆ;
ಈಗ ಚಳಿಯೆಂದು ದೂರುವವರು ಯಾರು?
ಮುಂದಿನ ಜನವರಿಗೆ ಮತ್ತೆ ಬರುತ್ತೇನೆ."

ಪ್ರಬಂಧ ಅಚ್ಚಾಗಿದೆ. ಹದಿನಾಲ್ಕು ಪುಟ.
ಸಂದೇಹಗಳಿಗೇ ಒಂದು ಪುಟ ಬಿಟ್ಟಿದ್ದಾಳೆ,
ನೆಂಟರಿಗೆ ಕೋಣೆ ಬಿಟ್ಟ ಹಾಗೆ.
ಹನ್ನೊಂದರಲ್ಲಿ ನಾನಿದ್ದೇನೆ:
"ಇದೆಲ್ಲ ನಮಗೆ ಮೊದಲೇ ಗೊತ್ತಿತ್ತು" (ಏಳನೆಯವನು, ಮೇ).
ಅಂದದ್ದು ನಿಜ. ಕಾಲ ಮೇಲೆ ಕಾಲು ಹಾಕಿ ಅಂದಿದ್ದೆ.
ಎದುರು ಪುಟದಲ್ಲಿ, ಅಷ್ಟೇ ಸಣ್ಣ ಅಕ್ಷರದಲ್ಲಿ:
"ತಪ್ಪೆಲ್ಲ ಹೊಸ ಹುಡುಗರದು" (ಏಳನೆಯವನು, ಜನವರಿ).
ಒಂದು ಮಾತೂ ಸೇರಿಸಿಲ್ಲ ಸೈಮಿ.

ಎರಡು ಪುಟಗಳ ನಡುವಿನ ಮಡಿಕೆಯಲ್ಲಿ
ಅಂಗೈ ಊರಿ ಕೂತಿದ್ದೇನೆ.